ಪ್ರಶ್ನೆಗೆ ಅಂಕ ಕೊಡುವ ಮಾವ

ಮಾನ್ಯ ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳನ್ನು ಜಾಲಾಡಿದರೂ ನನ್ನ ಸೋದರಮಾವನವರಷ್ಟು ಅಪಾಯಕಾರಿ ಮನುಷ್ಯ ಮತ್ತೊಬ್ಬರು ಸಿಗಲಾರರು. ಅವರು ಯಾರನ್ನೂ ಹೊಡೆದವರಲ್ಲ, ಬೈದವರೂ ಅಲ್ಲ. ದೋಷ ಇಷ್ಟೇ: ಪ್ರಶ್ನೆ ಕೇಳಿದರೆ ಉತ್ತರ ಕೊಡುವುದಿಲ್ಲ, ಪ್ರಶ್ನೆಗೇ ಅಂಕ ಕೊಡುತ್ತಾರೆ!

"ಆರಾಮಿದ್ಯಾ ಮಾವ?" ಎಂದು ಕೇಳಿ ನೋಡಿ.

"ಹತ್ತಕ್ಕೆ ಮೂರು. ಆರಾಮಿಲ್ಲೆ ಹೇಳಿದ್ರೆ ನೀ ಎಂತ ಮಾಡ್ತೆ?"

ನಾನು ಕಚೇರಿಯಲ್ಲಿ ಪತ್ರಗಳ ಕರಡು ಬರೆದು ಬಲ್ಲೆನೇ ಹೊರತು ಪ್ರಬಂಧ ಬರೆದವಳಲ್ಲ. ಲೋಪದೋಷಗಳಿದ್ದಲ್ಲಿ ತಾವು ಮನ್ನಿಸಬೇಕಾಗಿ ಕೋರುತ್ತೇನೆ. ಮಾವನವರು ಹೇಗೂ ಮನ್ನಿಸರು.

ಒಮ್ಮೆ ಉಮ್ಮಚಗಿಯಲ್ಲಿ ಉಪನಯನದ ಊಟ. ಮನೆಯ ಯಜಮಾನರು ಕೈತೊಳೆಯುವಲ್ಲಿ ನಿಂತು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು: "ಊಟ ಹೆಂಗಿತ್ತು?" ಎಲ್ಲರದೂ ಒಂದೇ ಉತ್ತರ: "ಲಾಯ್ಕಿತ್ತು, ಅಡ್ಡಿಲ್ಲೆ." ಉಂಡ ಮನೆಯ ಅಂಗಳದಲ್ಲಿ ನಿಂತು ಬೇರೆ ಉತ್ತರ ಕೊಡುವವರುಂಟೇ? ಮಾವನವರು ಮಾತ್ರ ಚಪ್ಪರದ ಹಿಂದೆ ಹೋದರು. ಎಂಜಲೆಲೆಗಳ ರಾಶಿಯ ಮುಂದೆ ಕೈಕಟ್ಟಿ ನಿಂತು ಪರಿಶೀಲಿಸಿದರು. ಬಂದು ಸಭೆಗೆ ವರದಿ ಒಪ್ಪಿಸಿದರು: "ಹೋಳಿಗೆ ಎಲ್ಲರೂ ಅರ್ಧರ್ಧ ಬಿಟ್ಟಿದ್ದ. ಸಾರು ಪಾಸು. ಬಾಯಿ ಹತ್ರ ಕೇಳಡ ಭಾವ, ಎಲೆ ನೋಡು!"

ಮುಂದಿನ ಸಲ ಆ ಮನೆಯ ಆಮಂತ್ರಣ ಅತ್ತೆಯ ಹೆಸರಿಗೆ ಮಾತ್ರ ಬಂತು.

ಅತ್ತೆಯೆಂದರೆ ಮಾವನವರ ಪತ್ನಿ. ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆರಡು ಬಾರಿ ತಮ್ಮೂರು ನಿಲ್ಕುಂದದಿಂದ ಶಿರಸಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಗಿತ್ತು. ಒಂದು ಸಂಸ್ಥೆಯವರು ಆ ಕಡೆಯ ರೋಗಿಗಳಿಗಾಗಿ ಒಂದು ವ್ಯಾನು ಬಿಟ್ಟಿದ್ದರು. ಅದು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಆದ್ದರಿಂದ ಅತ್ತೆ ಬದುಕಿದ್ದರು. ಇದರಲ್ಲಿ ಅತಿಶಯೋಕ್ತಿಯಿಲ್ಲ.

ಒಂದು ಬೆಳಿಗ್ಗೆ ಇಬ್ಬರೂ ವ್ಯಾನಿಗೆ ಕಾಯುತ್ತಿದ್ದಾಗ ಯಾವುದೋ ಸಮೀಕ್ಷೆಯ ಫೋನು ಬಂತು. ಧ್ವನಿಮುದ್ರಿತ ಹೆಣ್ಣುದನಿ: "ನಿಮ್ಮ ಊರಿನ ರಸ್ತೆ ಮತ್ತು ಕುಡಿಯುವ ನೀರು ಉತ್ತಮವಾಗಿವೆಯೇ? ಹೌದಾದರೆ ಒಂದು, ಇಲ್ಲವಾದರೆ ಎರಡು ಒತ್ತಿ."

"ನೀರು ಅಡ್ಡಿಲ್ಲೆ. ರಸ್ತೆ ಇಲ್ಲೆ. ಯಾವ್ದು ಒತ್ತವು?"

"ಕ್ಷಮಿಸಿ, ತಾವು ಯಾವುದೇ ಸಂಖ್ಯೆಯನ್ನು ಒತ್ತಿಲ್ಲ."

ಮಾವನವರು ಫೋನಿಗೆ ಕೈಯಡ್ಡ ಹಿಡಿದು ಅತ್ತೆಗೆ ಹೇಳಿದರಂತೆ: "ಪಾಪ, ಕ್ಷಮೆ ಕೇಳ್ತು. ಪ್ರಶ್ನೆಗೆ ಸೊನ್ನೆ, ನಡತೆಗೆ ಹತ್ತು!"

ಇದಾದ ಕೆಲಕಾಲಕ್ಕೆ, ವ್ಯಾನನ್ನು ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ಸದರಿ ಸಂಸ್ಥೆಯವರು ಮನೆಮನೆ ಸಮೀಕ್ಷೆ ಆರಂಭಿಸಿದರು. ಬನವಾಸಿ ಕಡೆಯ ಒಬ್ಬ ಹುಡುಗಿ ಟ್ಯಾಬು ಹಿಡಿದು ಬಂದಳು. ಅಂದು ನಾನೂ ಅಲ್ಲಿದ್ದೆ. ಅವಳು ಓದಿದಳು: "ಸದರಿ ಸಾರಿಗೆ ಮಧ್ಯಪ್ರವೇಶದ ಅನುಪಸ್ಥಿತಿಯಲ್ಲಿ ತಾವು ಪರ್ಯಾಯವಾಗಿ ನಿಭಾಯಿಸಲು ಎಷ್ಟರಮಟ್ಟಿಗೆ ಸಮರ್ಥರಿದ್ದೀರಿ?"

'ಸದರಿ' ಎಂಬ ಪದದ ಮೇಲೆ ಜೀವವನ್ನೇ ಇಟ್ಟಿರುವ ನನಗೂ ಉಸಿರು ಕಟ್ಟಿತು!

"ಇದು ಎಂತ ಭಾಷೆ ತಂಗಿ?" ಎಂದರು ಮಾವನವರು.

"ಇಂಗ್ಲೀಷಿನ್ಯಾಗ ಬರದು ಕನ್ನಡಕ್ಕ ತಿರುವ್ಯಾರ್ರಿ. ಗಾಡಿ ಇಲ್ಲಂದ್ರ ನೀವ ನಡಸ್ಕೊಂಡು ಹೋಗ್ತೀರೇನು ಅಂತ ಅರ್ಥ ಇರಬೇಕ್ರಿ."

ಮಾವನವರು ಎದ್ದು ನಿಂತರು. "ಸೊನ್ನೆ! ತಂಗಿ, ಯಾರೋ ನಿಮ್ಮನೆ ಬಾಗಿಲಿಗೆ ಬಂದು ನಿಮ್ಮ ಅಮ್ಮನ ಹತ್ರ 'ನಿಮಗೆ ತಾಕತ್ತುಂಟಾ' ಅಂತ ಕೇಳಿದ್ರೆ, ಇಲ್ಲ ಅಂತಾರಾ ಅವರು?"

ಹುಡುಗಿ ಟ್ಯಾಬು ಕೆಳಗಿಳಿಸಿದಳು. "ನಮ್ಮವ್ವ ಸತ್ರೂ ಅನ್ನಂಗಿಲ್ರಿ," ಎಂದಳು.

"ಮತ್ತೆ? ವ್ಯಾನು ಇಲ್ಲದಿದ್ರೆ ಹೇಗೆ ಹೋಗ್ತೀರಿ, ಎಷ್ಟೊತ್ತಿಗೆ ಮುಟ್ತೀರಿ ಅಂತ ಕೇಳು. ಪ್ರಶ್ನೆ ತಿದ್ದು."

"ತಿದ್ದಾಕ ಬರಂಗಿಲ್ರಿ ಅಜ್ಜಾರ. ಬರದಾವ್ರು ಯಾರೋ, ಕೇಳಾಕ ಬಂದಾಕಿ ನಾನು. ನಾಕರಾಗ ಒಂದು ಒತ್ತಲಿಲ್ಲಂದ್ರ ಇದು ಮುಂದಕ್ಕ ಹೋಗಂಗಿಲ್ರಿ. ಮತ್ತ ಉತ್ತರ ಪೇಶಂಟೇ ಹೇಳಬೇಕಂತ್ರಿ."

ಒಳಗಿನಿಂದ ಅತ್ತೆಯ ದನಿ ಬಂತು: "ಹೆಂಗೋ ಸುಧಾರ್ಸ್ತ್ಯ ಹೇಳಿ ಬರ್ಕ ತಂಗಿ. ನೀ ಮೊದ್ಲು ಚಾ ಕುಡಿ, ತಣಿತು."

ಎದ್ದು ನಿಂತಿದ್ದ ಮಾವನವರು ಮೆಲ್ಲಗೆ ಕುಳಿತರು. ಹುಡುಗಿ ಅವರ ಮುಖ ನೋಡಿದಳು. ಆಮೇಲೆ ತಲೆತಗ್ಗಿಸಿ, ಹೇಗೋ ನಿಭಾಯಿಸುತ್ತೇವೆಂಬ ಅತ್ತೆಯ ಮಾತಿಗೆ 'ಸಂಪೂರ್ಣ ಸಮರ್ಥ' ಎಂಬುದನ್ನು ಒತ್ತಿದಳು. ಆ ದಾರಿಯ ಉಳಿದ ಮನೆಗಳವರೂ ಅದನ್ನೇ ಹೇಳಿದ್ದರೆಂದು ನಂತರ ತಿಳಿಯಿತು. ಬಾಗಿಲಿಗೆ ಬಂದವರ ಮುಂದೆ ಕಷ್ಟ ಹರವುವ ಪದ್ಧತಿ ನಮ್ಮಲ್ಲಿಲ್ಲ. ಫಲಾನುಭವಿಗಳು ಸ್ವಾವಲಂಬಿಗಳಾಗಿರುವುದನ್ನು ಸಂತೋಷದಿಂದ ಗಮನಿಸಿದ ಸಂಸ್ಥೆಯವರು ವ್ಯಾನನ್ನು ಹಿಂಪಡೆದರು.

ಆಮೇಲೆ ಬಸ್ಸು. ಬಸ್ಸು ತಪ್ಪಿದರೆ ಯಂತ್ರದ ಸರದಿ ಬೇರೊಬ್ಬರಿಗೆ. ಶಿರಸಿಗೆ ಹತ್ತಿರವಿರುವ ಇಸಳೂರಿನ ನಮ್ಮ ಮನೆಯಲ್ಲೇ ಇರಿ ಎಂದು ಅತ್ತೆಯನ್ನು ಎಷ್ಟು ಸಲ ಕೇಳಿಕೊಂಡೆನೋ! "ನಿಂಗೆಂತಕ್ಕೆ ತೊಂದ್ರೆ ಕೂಸೇ? ಸುಧಾರ್ಸ್ತ್ಯ." ಒಂದು ಸರದಿ ತಪ್ಪಿತು, ಮತ್ತೊಂದು ತಪ್ಪಿತು. ಕಾಲು ಬಾತವು. ಮಾವನವರು ಹೇಗಿದ್ದೀಯೆಂದು ಅವರನ್ನು ಒಮ್ಮೆಯೂ ಕೇಳಿದವರಲ್ಲ. ಊಟವಾದ ಮೇಲೆ ಅತ್ತೆಯ ಎಲೆಯನ್ನು ತಾವೇ ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಬಹಳ ಹೊತ್ತು ಅಲ್ಲೇ ನಿಂತಿರುತ್ತಿದ್ದರು.

ಮಳೆಗಾಲ ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಎಲೆ ಹಾಕುತ್ತಿದ್ದಾಗ ಫೋನು ಬಂತು. ಅದೇ ಸಂಸ್ಥೆ, ಧ್ವನಿಮುದ್ರಿತ ದನಿ: "ಫಲಾನುಭವಿಯು ಮನೆಯಲ್ಲಿದ್ದಾರೆಯೇ? ಇದ್ದರೆ ಒಂದು, ಇಲ್ಲದಿದ್ದರೆ ಎರಡು ಒತ್ತಿ."

ಇನ್ನೇನು ಜಗಳ ಶುರುವಾಗುತ್ತದೆಂದು ನಾನು ಕಾದೆ. ಮಾವನವರು ಒಳಕೋಣೆಯ ಬಾಗಿಲನ್ನೇ ನೋಡುತ್ತಿದ್ದರು. ಆ ದನಿ ಮತ್ತೊಮ್ಮೆ ಕೇಳಿತು. ಅವರು ಕನ್ನಡಕ ಹಾಕಿಕೊಂಡು ಎರಡನ್ನು ಒತ್ತಿದರು.

"ಧನ್ಯವಾದಗಳು," ಎಂದು ದನಿ ನಿಂತಿತು.

"ಇದೊಂದು ಪ್ರಶ್ನೆ ಸರಿ ಇದ್ದು ಕೂಸೇ," ಎಂದರು. "ಹತ್ತಕ್ಕೆ ಹತ್ತು."

ಊಟಕ್ಕೆ ಕುಳಿತರು. ಹೇಗಿದ್ದೀ ಮಾವ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಎಲೆ ನೋಡಿದೆ. ಬಡಿಸಿದ ಅನ್ನ ಬಡಿಸಿದ ಹಾಗೇ ಇತ್ತು. ಅದರ ಮೇಲೆ ಒಂದಿಷ್ಟು ಮಜ್ಜಿಗೆ ಹಾಕಿ, ಅವರ ಕೈ ಎಲೆಗೆ ಇಳಿಯುವವರೆಗೂ ಪಕ್ಕದಲ್ಲೇ ಕುಳಿತಿದ್ದೆ.