ಬಿಸಿಲಿಗಿಟ್ಟ ಕಾಲು

ಕೂತಲ್ಲೇ ಕೂತು ಮಾಡುವ ಕೆಲಸವನ್ನು ನನ್ನಷ್ಟು ಚೊಕ್ಕವಾಗಿ ಮಾಡುವವರು ಅಂಕೋಲೆಯಿಂದ ಕಾರವಾರದವರೆಗೆ ಇನ್ನೊಬ್ಬರಿಲ್ಲ ಎಂಬ ನಂಬಿಕೆ ನನಗಿತ್ತು. ಆ ನಂಬಿಕೆ ಹುಟ್ಟಿದ್ದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ನನ್ನ ಬಲಗಾಲು ಮುರಿದ ಮೇಲೆ. ಅದಕ್ಕೂ ಮೊದಲು ಕಾರವಾರ ಬಂದರಿನ ಒಂದು ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದೆ. ಅಲ್ಲಿ ಕೂರಲು ಬಿಟ್ಟಿದ್ದರೆ ತಾನೆ!

ಮೀನಿಗೆ ಹಾಕುವ ಬರ್ಫದ ಗಡ್ಡೆ ತುಂಬಿದ ಪೆಟ್ಟಿಗೆ ಇಳಿಸುವಾಗ ಜಾರಿ ಕಾಲ ಮೇಲೆ ಬಿತ್ತು. ಎಲುಬಿನ ಡಾಕ್ಟರು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಮನೆಯಲ್ಲಿದ್ದ ಹಣವನ್ನೆಲ್ಲ ಇಸಿದುಕೊಂಡು ಕಳಿಸಿದರು. ಮರುವಾರ ಬೋಟಿನ ಸಾವ್ಕಾರರು ನನ್ನನ್ನು ನೋಡಲು ಅಂಕೋಲೆಗೆ ಬಂದರು. ಎರಡು ಲೋಟ ಚಾ ಕುಡಿದರು. ನನ್ನ ಕಾಲನ್ನು ನೋಡಿ ನನಗಿಂತ ಜೋರಾಗಿ ನರಳಿದರು.

"ರೊಕ್ಕ ಮಾತ್ರ ಕೇಳಬ್ಯಾಡ ಮಾರಾಯಾ. ಬೋಟಿಗೆ ಡೀಸೆಲ್ ಹಾಕೂಕೇ ಇಲ್ಲ. ಆದ್ರೆ ನಿನ್ನ ಕಾಲು ನೆಟ್ಟಗಾಗೂವರೆಗೆ ನಿನ್ನ ಪಾಲಿನ ಮೀನು ಮನಿಗೆ ಬತ್ತದೆ" ಎಂದರು.

ಬಂತು. ಅದೇ ಬೋಟಿನಲ್ಲಿ ದುಡಿಯುವ ಪಕ್ಕದ ಮನೆಯ ಗಣಪತಿ ದಿನಾ ಸಂಜೆ ಒಂದು ಬುಟ್ಟಿ ಬಂಗಡೆ ತಂದು ಸುರಿಯತೊಡಗಿದ. ಅವನ ತಾಯಿ ತುಳಸಕ್ಕ ಬೆನ್ನಿಗೇ ಬಂದು, ಎಲುಬು ಕೂಡುವ ತನಕ ಮೀನು ತಿಂದರೆ ನಂಜಾಗುತ್ತದೆ ಎಂದು ಘೋಷಿಸಿ ಹೋದಳು. ಹೀಗೆ ಮನೆ ತುಂಬ ಮೀನು, ನನ್ನ ಬಟ್ಟಲಲ್ಲಿ ಗಂಜಿ ಮತ್ತು ಉಪ್ಪಿನಕಾಯಿ! ಯಾರ ಮೇಲೆ ಸಿಟ್ಟು ಮಾಡುವುದು? ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಹೆಂಡತಿ ದೇವಕಿ ಮಾತ್ರ ಲೆಕ್ಕಾಚಾರದ ಹೆಂಗಸು. ಹಸಿ ಮೀನಿಗೆ ಆಗ ಮೂರು ಕಾಸಿನ ಬೆಲೆಯಿಲ್ಲ. ಉಪ್ಪು ಹಾಕಿ ಒಣಗಿಸಿಟ್ಟರೆ ಮಳೆಗಾಲದ ಮುಂಚಿನ ಸಂತೆಯಲ್ಲಿ ಜನ ಮುಗಿಬಿದ್ದು ಕೊಳ್ಳುತ್ತಾರೆ.

"ಕೇಳ್ರಿ, ನಿಮ್ಮ ಪ್ಲಾಸ್ಟರ್ ಬಿಚ್ಚೂ ಖರ್ಚು, ಇನ್ನೊಂದು ಎಕ್ಸರೇ ಖರ್ಚು, ಎಲ್ಲಾ ಈ ಒಣಮೀನಿಂದಲೇ ಹುಟ್ಟಬೇಕು" ಎಂದಳು. "ಇಲ್ಲಾಂದ್ರೆ ನನ್ನ ಕಿವೀದು ಹೋಗ್ತದೆ. ನಾ ಕೂಲಿಗೆ ಹೋಗ್ತೆ. ನೀವು ಅಂಗಳದಲ್ಲಿ ಕೂತು ಕಾಗೆ ಓಡಿಸ್ರಿ. ಅಷ್ಟೇ."

ಅವಳ ಕಿವಿಯಲ್ಲಿದ್ದದ್ದು ತವರಿನಿಂದ ತಂದ ಚಿನ್ನದ ಬೆಂಡೋಲೆ. ಮನೆಯಲ್ಲಿದ್ದ ಚಿನ್ನ ಅಷ್ಟೇ. ಅದನ್ನು ಉಳಿಸುವ ಹೊಣೆ ನನ್ನ ಮೇಲೆ ಬಿತ್ತು. ನಾನು ಎದೆಯುಬ್ಬಿಸಿ ಸ್ಟೂಲಿನ ಮೇಲೆ ಆಸೀನನಾದೆ.

ಮೊದಲ ದಿನ ಕೋಲು ಬೀಸಿ ಬೀಸಿ ರಟ್ಟೆ ಬಿದ್ದುಹೋಯಿತು. ಎರಡನೆಯ ದಿನ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಮೀನು ಹರವಿದ ಚಾಪೆಯ ಆಚೆ ಒಂದು ಗೂಟ, ಅದಕ್ಕೆ ಖಾಲಿ ಡಬ್ಬಿಗಳು, ಡಬ್ಬಿಗಳಿಂದ ಒಂದು ಬಲೆಯ ಹಗ್ಗ, ಹಗ್ಗದ ಇನ್ನೊಂದು ತುದಿ ನನ್ನ ಎಡಗಾಲಿನ ಹೆಬ್ಬೆರಳಿಗೆ! ಬೆರಳು ಅಲ್ಲಾಡಿಸಿದರೆ ಸಾಕು, ಡಬ್ಬಿಗಳು ಗಡಗಡ, ಕಾಗೆಗಳು ಪರಾರಿ. ಇಂಥ ತಲೆ ಬೋಟಿನಲ್ಲಿ ಬರ್ಫ ಹೊತ್ತು ಹಾಳಾಗುತ್ತಿತ್ತಲ್ಲ ಎಂದು ನನಗೇ ಮರುಕವಾಯಿತು. ಆ ಮರುಕದಲ್ಲೇ ನಿದ್ದೆ ಬಂತು.

ಎಚ್ಚರವಾದಾಗ ನಾನು ಗಾಳಿಯಲ್ಲಿದ್ದೆ. ಯಾವುದೋ ನಾಯಿ ಬಂಗಡೆ ಕಚ್ಚಿ ಓಡುವಾಗ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ನಾಯಿ ಹೋಯಿತು, ಡಬ್ಬಿಗಳು ಹೋದವು, ಹೆಬ್ಬೆರಳು ಹೋಯಿತು, ಅದರ ಹಿಂದೆ ನಾನೂ ಹೋದೆ. ಪಕ್ಕದಲ್ಲೇ ಮರುದಿನದ ಮೀನು ನೆನೆಹಾಕಿದ ಉಪ್ಪುನೀರಿನ ಬಾನಿ. ಪ್ಲಾಸ್ಟರಿನ ಕಾಲು ಸೀದಾ ಅದರೊಳಗೆ!

ದೇವಕಿಗೆ ಹೇಳುವ ಧೈರ್ಯವಿರಲಿಲ್ಲ. ಕಾಲನ್ನು ಎತ್ತಿ ಚಾಪೆಯ ಮೇಲೆ, ಬಂಗಡೆಗಳ ಸಾಲಿನಲ್ಲೇ ಒಣಗಲು ಇಟ್ಟೆ. ಒಂದು ಮಗ್ಗುಲು ಒಣಗಿದ ಮೇಲೆ ಇನ್ನೊಂದು ಮಗ್ಗುಲು ತಿರುಗಿಸಿದೆ. ಸಂಜೆ ಅವಳು ಬರುವಷ್ಟರಲ್ಲಿ ಮೇಲೆ ಗಟ್ಟಿಯಾಗಿತ್ತು.

"ಎಷ್ಟು ಮೀನು ಹೋಯ್ತು?"

"ಒಂದೇ ಒಂದು!" ಎಂದೆ, ಗತ್ತಿನಿಂದ.

ಎರಡು ದಿನ ಕಳೆಯುವಷ್ಟರಲ್ಲಿ ಊರಿನ ಬೆಕ್ಕುಗಳೆಲ್ಲ ನಮ್ಮ ಜಗುಲಿಯಲ್ಲಿ ಸಭೆ ಸೇರಿದವು. ಒಣಗಲು ಹಾಕಿದ ಮೀನನ್ನು ಅವು ಕಣ್ಣೆತ್ತಿಯೂ ನೋಡಲಿಲ್ಲ. ಒಳಗಿನಿಂದ ಉಪ್ಪಿನ ಉರಿ, ಹೊರಗಿನಿಂದ ಬೆಕ್ಕಿನ ಉಗುರು. ಪ್ಲಾಸ್ಟರ್ ಪುಡಿಯಾಗಿ ಉದುರತೊಡಗಿದಾಗ ಬಾಯಿ ಬಿಡಲೇಬೇಕಾಯಿತು. ದೇವಕಿ ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು, "ನಡೀರಿ, ಕಾರವಾರಕ್ಕೆ" ಎಂದಳು. ಬೈದಿದ್ದರೆ ಎಷ್ಟೋ ಹಿತವಾಗುತ್ತಿತ್ತು.

ಬಾಳೆಗುಳಿಯಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರ್ ಮೂಗು ಅರಳಿಸಿದ.

"ಅಕ್ಕಾ, ಮೀನಿನ ಬುಟ್ಟಿ ಒಳಗೆ ನಡ್ಯೂದಿಲ್ಲ. ಟಾಪಿನ ಮೇಲೆ ಹಾಕ್ರಿ."

"ಬುಟ್ಟಿ ಎಲ್ಲದೆ ಅಣ್ಣಾ? ಅದು ನಮ್ಮನೆಯವ್ರ ಕಾಲು."

ಅವನು ನಂಬಲಿಲ್ಲ. ಸೀಟಿನ ಕೆಳಗೆಲ್ಲ ಬಗ್ಗಿ ಹುಡುಕಿ, ಕೊನೆಗೆ ನನ್ನ ಪಾದದ ಬಳಿ ಮೂಗು ತಂದು, ಗಾಬರಿಯಿಂದ ಹಿಂದಕ್ಕೆ ಸರಿದ. ಮುಂದಿನ ಸೀಟಿನಲ್ಲಿ ಮಾಜಾಳಿಯ ಮೀನು ಮಾರುವ ಹೆಂಗಸೊಬ್ಬಳು ಕೂತಿದ್ದಳು. ತಿರುಗಿ, ವೃತ್ತಿಯ ಗಾಂಭೀರ್ಯದಿಂದ ಒಮ್ಮೆ ಮೂಸಿ, "ಉಪ್ಪು ಸಮಾ ಬಿದ್ದದೆ. ಇನ್ನೊಂದು ಬಿಸಿಲು ಬೇಕಿತ್ತು" ಎಂದಳು. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಏನು ಮಾಡುವುದು, ಇಳಿದು ನಡೆಯುವ ಹಾಗಿರಲಿಲ್ಲವಲ್ಲ! ದೇವಕಿ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು.

ಡಾಕ್ಟರು ಪ್ಲಾಸ್ಟರ್ ಕತ್ತರಿಸಿ, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ತೀರ್ಪು ಕೊಟ್ಟರು. ಹೊಸ ಎಕ್ಸರೇ. ಹೊಸ ಪ್ಲಾಸ್ಟರು. ಚರ್ಮಕ್ಕೆ ಬೇರೆ ಮುಲಾಮು. ಸಂತೆಗೆ ಇನ್ನೂ ತಿಂಗಳಿತ್ತು. ದೇವಕಿ "ಈಗ ಬಂದೆ" ಎಂದು ಹೊರಗೆ ಹೋದಳು. ಬರುವಾಗ ಕೈಯಲ್ಲಿ ಹಣವಿತ್ತು. ಕಿವಿಯ ತೂತು ಮುಚ್ಚದಿರಲೆಂದು ಪೊರಕೆಯ ಕಡ್ಡಿಯ ಎರಡು ಚೂರು ಸಿಕ್ಕಿಸಿಕೊಂಡಿದ್ದಳು. ನನಗೆ ಅಳು ಬಂತು. ಕಾಲು ನೋಯುತ್ತದೆ ಎಂದು ಡಾಕ್ಟರಿಗೆ ಸುಳ್ಳು ಹೇಳಿದೆ.

"ಅಳಬ್ಯಾಡ್ರಿ" ಎಂದಳು ದೇವಕಿ. "ಅಡವಿಟ್ಟದ್ದು, ಮಾರಿದ್ದಲ್ಲ. ಮೀನು ಅದೆಯಲ್ಲ, ಸಂತೆ ಆದ್ಮೇಲೆ ಬಿಡಿಸ್ವಾ."

ಈಗ ಮೀನು ಮೊದಲಿಗಿಂತ ಅಮೂಲ್ಯವಾಯಿತು. ಮರುದಿನ ಬೆಳಿಗ್ಗೆ ನಾನು ಕೋಲು ಹಿಡಿದು ಸ್ಟೂಲಿನತ್ತ ಕುಂಟಿಕೊಂಡು ಹೊರಟೆ. ಅಲ್ಲಿ ಆಗಲೇ ತುಳಸಕ್ಕ ಕೂತಿದ್ದಳು. ದೇವಕಿ ಅವಳೊಡನೆ ಕೂಲಿ ಮಾತಾಡುತ್ತಿದ್ದಳು.

"ಮೀನು ಕಾಯೂಕೆ ದಿನಕ್ಕೆ ಒಂದು ಬಂಗಡೆ ಕೊಡು" ಎಂದಳು ತುಳಸಕ್ಕ, ಗದ್ದದಿಂದ ನನ್ನ ಕಡೆ ತೋರಿಸಿ. "ಇವ್ನ ಕಾಯೂಕೆ ಎರಡು."

ನನಗೆ ತಡೆಯಲಾಗಲಿಲ್ಲ. "ಅಲ್ಲ ತುಳಸಕ್ಕಾ, ಚಾಪೆ ತುಂಬ ಮೀನಿಗೆ ಒಂದು, ನನ್ನೊಬ್ಬನಿಗೆ ಎರಡಾ?"

"ಮತ್ತೆಂತ ತಮ್ಮಾ? ಸತ್ತ ಮೀನು ಉಪಾಯ ಮಾಡೂದಿಲ್ಲಲ್ಲ!"

ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ನನ್ನ ಹೆಂಡತಿ ತುಟಿ ಪಿಟಕ್ಕೆನ್ನದೆ ಬುಟ್ಟಿಯಿಂದ ಮೂರು ಬಂಗಡೆ ಆರಿಸಿ ಕೊಟ್ಟಳು. ಅದೂ ದೊಡ್ಡದೊಡ್ಡವನ್ನೇ!