ಮಾರ್ತಾಂಡ ಮಾಸ್ತರರ ಸಿಂಹಳ ಪ್ರಸ್ಥಾನ

ಗದಗಿನ ಮಾರ್ತಾಂಡ ಮಾಸ್ತರರು ಜೀವಮಾನವೆಲ್ಲ ಭೂಗೋಳ ಕಲಿಸಿದವರೇ ಹೊರತು ಭೂಗೋಳದ ಮೇಲೆ ಹೆಚ್ಚು ಓಡಾಡಿದವರಲ್ಲ. ಅವರು ಮಾಡಿದ ಪರದೇಶ ಪ್ರವಾಸ ಒಂದೇ: ಹೆಂಡತಿಯ ತವರೂರಾದ ಲಕ್ಷ್ಮೇಶ್ವರ. (ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಗದಗು ಇಂಗ್ರೇಜರದು. ಆದ್ದರಿಂದ ಮಾಸ್ತರರು ಪ್ರತಿ ದೀಪಾವಳಿಗೆ ಗಾಡಿ ಕಟ್ಟಿಸಿಕೊಂಡು ಸಾಮ್ರಾಜ್ಯದ ಗಡಿ ದಾಟಿ, ಅಳಿಯತನದ ಸತ್ಕಾರ ಮುಗಿಸಿಕೊಂಡು, ಮತ್ತೆ ಸಾಮ್ರಾಜ್ಯಕ್ಕೆ ಮರಳುತ್ತಿದ್ದರು.) ಸ್ವಾತಂತ್ರ್ಯ ಬಂದು ಸಂಸ್ಥಾನಗಳು ವಿಲೀನವಾದಾಗ ಊರವರು ಪೇಢೆ ಹಂಚಿದರು. ಮಾಸ್ತರರೂ ಒಂದು ಪೇಢೆ ತಿಂದರು. ಆದರೆ ಕೈಯಲ್ಲಿದ್ದ ಒಂದೇ ಒಂದು ಪರದೇಶವೂ ಹೋಯಿತಲ್ಲ ಎಂದು ಅವರಿಗೆ ಒಳಗೊಳಗೇ ಬೇಸರವಾಗಿತ್ತು.

ಅಂಥ ಮಾಸ್ತರರು ಒಂದು ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಗಂಟಲು ಸರಿಮಾಡಿಕೊಂಡು, ಘೋಷಣೆ ಹೊರಡಿಸಿದರು.

"ನಾವು ಸಿಂಹಳದ್ವೀಪಕ್ಕ ಹೋಗೂಣು. ಹದಿನೈದು ದಿವಸದ ಪ್ರವಾಸ. ಸುಮ್ಮನ, ನೋಡಲಿಕ್ಕೆ."

ಹೆಂಡತಿ ಯಮುನಾಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೈ ತಟ್ಟನೆ ನಿಂತಿತು.

"ಏನ ನೋಡಲಿಕ್ಕೆ?"

"ಏನಂದ್ರ? ಅಶೋಕವನ ನೋಡಬೇಕು. ಸೀತಾದೇವಿ ಅಳಕೋತ ಕೂತ ಜಾಗಾ."

"ಅಳಕೋತ ಕೂತ ಜಾಗಾ ನೋಡಬೇಕಾದ್ರ ಅಡಗಿಮನಿಗೆ ಬರ್ರಿ. ಅದಕ್ಕ ಸಮುದ್ರ ಯಾಕ ದಾಟಬೇಕು?"

ಮಾತು ಕುಟುಕುವ ಹಾಗಿದ್ದರೂ ಹಸನಾದ ಜೋಳವನ್ನೇ ಅವರು ಮತ್ತೆ ಹಸನು ಮಾಡತೊಡಗಿದ್ದರು. ಸಿಂಹಳದಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಅನಂತನಿದ್ದ, ಅವರ ಒಬ್ಬನೇ ಮಗ.

ಅನಂತ ಅಲ್ಲಿಗೆ ಹೋದ ಕಥೆ ಹೀಗೆ. ಅವನು ಓದಿದ್ದು ಅಪ್ಪ ಕಲಿಸುವ ಶಾಲೆಯಲ್ಲೇ. ವಾರ್ಷಿಕ ಪರೀಕ್ಷೆಯಲ್ಲಿ ಹಿಂದೂಸ್ಥಾನದ ನಕಾಶೆ ತೆಗೆಯಲು ಹೇಳಿದರೆ ಅವನು ಸಿಂಹಳವನ್ನು ಗೋವೆಯ ಮಗ್ಗುಲಿಗೆ ಕೂರಿಸಿದ. ಪೇಪರು ತಪಾಸು ಮಾಡುವವರು ಸ್ವತಃ ಅಪ್ಪ. ಬೇರೆ ಯಾರಾದರೂ ಆಗಿದ್ದರೆ ಸಮುದ್ರದಲ್ಲೇ ಇಟ್ಟಿದ್ದಾನಲ್ಲ ಎಂದು ಅರ್ಧ ಅಂಕವನ್ನಾದರೂ ಕೊಡುತ್ತಿದ್ದರು. ಮಾಸ್ತರರು ನ್ಯಾಯನಿಷ್ಠರು. ಮಗನನ್ನು ನಾಪಾಸು ಮಾಡಿದರು. ಅಷ್ಟಕ್ಕೇ ಬಿಡದೆ ಓಣಿಯ ಮಂದಿ ಕೇಳುವಂತೆ, "ಲಂಕಾ ಎಲ್ಲದ ಅಂತ ಗೊತ್ತಿಲ್ಲದವ ನಾ ಇರೂತನಕ ಈ ಹೊಸ್ತಿಲಾ ತುಳೀಬಾರದು" ಎಂದರು. ಹುಡುಗನೂ ಅಪ್ಪನ ಮಗನೇ. ಮರುದಿನ ಮನೆಯಲ್ಲಿರಲಿಲ್ಲ. ಬಹಳ ದಿನಗಳ ಮೇಲೆ ರಾಮೇಶ್ವರಕ್ಕೆ ಹೋಗಿಬಂದ ಹುಲಕೋಟಿಯ ಯಾತ್ರಿಕರು ಖಬರು ತಂದರು: ಅನಂತ ಕೊಲಂಬೋದ ಒಂದು ಖಾನಾವಳಿಯಲ್ಲಿ ಊಟ ಬಡಿಸುತ್ತಿದ್ದಾನಂತೆ. ಲಂಕೆ ಎಲ್ಲಿದೆಯೆಂದು ಅವನಿಗೆ ಅಂತೂ ಗೊತ್ತಾಯಿತು.

ಅಂದಿನಿಂದ ಯಮುನಾಬಾಯಿ ಸಿಹಿ ಬಿಟ್ಟರು, ಮಾಸ್ತರರು ಮಗನ ಹೆಸರು ಬಿಟ್ಟರು. ಐದಾರು ವರ್ಷ ಹೀಗೇ ಕಳೆಯಿತು. ಈಗ ಮಾಸ್ತರರಿಗೆ ತಡೆಯಲಾಗಿರಲಿಲ್ಲ. ಆದರೆ "ಮಗನ ನೋಡಲಿಕ್ಕೆ ಹೋಗೂಣು" ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ಸಮುದ್ರವನ್ನು ಈಸಿ ದಾಟುವುದೇ ಅವರಿಗೆ ಸಲೀಸಾಗಿತ್ತು. ಅದಕ್ಕೇ ಅಶೋಕವನ, ಅದಕ್ಕೇ ಪ್ರವಾಸ.

ಯೋಜನೆ ಸಾಂಗವಾಗಿ ಶುರುವಾಯಿತು. ಶಾಲೆಯ ಹಳೆಯ ನಕಾಶೆ ಕಟ್ಟೆಯ ಗೋಡೆಗೆ ಏರಿತು. ಗುಂತಕಲ್ಲು, ಮದ್ರಾಸು, ಧನುಷ್ಕೋಟಿ, ಅಲ್ಲಿಂದ ಹಡಗು. ಆಮೇಲೆ ಅನುರಾಧಪುರ, ಕ್ಯಾಂಡಿ, ನುವರ ಎಲಿಯ. ಬೆರಳು ದ್ವೀಪದ ತುಂಬ ಓಡಾಡುತ್ತಿತ್ತು, ಕೊಲಂಬೋದ ಹತ್ತಿರ ಬಂದರೆ ಮಾತ್ರ ಕೆಂಡ ತುಳಿದಂತೆ ಹಾರಿ ಆಚೆ ಹೋಗುತ್ತಿತ್ತು. ಒಟ್ಟು ಪ್ರವಾಸ ಕೊಲಂಬೋಕ್ಕೆ ಹಾಕಿದ ಪ್ರದಕ್ಷಿಣೆಯ ಹಾಗಿತ್ತು. ನಡುವೆ ಎರಡು ದಿನ ಏನನ್ನೂ ನೋಡದೆ ಖಾಲಿ ಬಿಟ್ಟಿದ್ದರು. ಅದೇನೆಂದು ಯಮುನಾಬಾಯಿ ಕೇಳಿದರೆ "ವಿಶ್ರಾಂತಿ" ಎಂದರು.

ಮುಂಬಯಿಯಿಂದ ಸಮುದ್ರ ದಾಟುವ ಪರವಾನಗಿ ಬಂತು. ಪಂಚಾಂಗ ಕೇಳಲು ಪಾಂಡುರಂಗಾಚಾರ್ಯರನ್ನು ಕರೆಸಿದ್ದಾಯಿತು. ಆಚಾರ್ಯರು ಸಿಂಹಳ ದಕ್ಷಿಣಕ್ಕಿದೆ ಎಂದು ಕೇಳಿದ ಕೂಡಲೇ ಮುಖ ಸಣ್ಣದು ಮಾಡಿದರು. ದಕ್ಷಿಣ ಯಮನ ದಿಕ್ಕು. ಆ ಕಡೆಗೆ ಹೊರಡುವವರು ಸಾಮಾನ್ಯವಾಗಿ ನಾಲ್ಕು ಜನರ ಹೆಗಲ ಮೇಲೆ ಹೋಗುತ್ತಾರೆಯೇ ಹೊರತು ಟಿಕೀಟು ತೆಗೆಸಿ ಹೋಗುವುದಿಲ್ಲ. ಬಹಳ ಹುಡುಕಿದ ಮೇಲೆ ಒಂದು ಒಳ್ಳೆಯ ಮುಹೂರ್ತ ಸಿಕ್ಕಿತು, ಆದರೆ ಅದು ಅಂದೇ. ಶಾಲೆಯ ರಜೆ ಇನ್ನೂ ದೂರವಿತ್ತು.

"ಪ್ರಸ್ಥಾನ ಇಡ್ರಿ" ಎಂದರು ಆಚಾರ್ಯರು.

ಇದು ನಮ್ಮ ಹಿರಿಯರು ಕಂಡುಹಿಡಿದ ಅದ್ಭುತ ಉಪಾಯ. ಮುಹೂರ್ತ ಬಂದಿದೆ, ಮನುಷ್ಯನಿಗೆ ಹೊರಡಲು ಆಗುವುದಿಲ್ಲ. ಆಗ ಒಂದು ವಸ್ತ್ರದಲ್ಲಿ ಅಕ್ಕಿ, ಅಡಿಕೆ, ಅರಿಸಿನ ಕೊಂಬು, ಒಂದು ಜನಿವಾರ ಇಟ್ಟು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟಿತೆಂದರೆ ಮನುಷ್ಯ ಹೊರಟ ಹಾಗೆ. ಆಮೇಲೆ ಅನುಕೂಲವಾದ ದಿನ ಬಲಗಾಲಿಟ್ಟು ಹೊರಬಿದ್ದು, ದಾರಿಯಲ್ಲಿ ಆ ಗಂಟನ್ನು ಎತ್ತಿಕೊಂಡು ನಡೆದರಾಯಿತು.

"ಆದ್ರ ಎರಡು ನೇಮ ಅವ" ಎಂದು ಆಚಾರ್ಯರು ಎಚ್ಚರಿಸಿದರು. "ಹೊಂಡೂತನಕ ಗಂಟು ಇಟ್ಟವರು ಅದನ್ನ ನೋಡಲಿಕ್ಕೆ ಆ ಮನಿಗೆ ಹೋಗಬಾರದು. ಬಲಗಾಲಿಟ್ಟು ಹೊಂಟ ಮ್ಯಾಲೆ ಗಂಟು ತಿರುಗಿ ಮನಿಗೆ ಬರೂತನಕ ಹೊಸ್ತಿಲಾ ತುಳೀಬಾರದು."

"ಕೇಳಿದೇನು?" ಎಂದರು ಮಾಸ್ತರರು ಹೆಂಡತಿಯತ್ತ ತಿರುಗಿ. "ಗಂಟು ಬರೂತನಕ ಹೊಸ್ತಿಲಾ ತುಳೀಬಾರದು. ನೆನಪ ಇಟ್ಕೋ."

"ಹೊಸ್ತಿಲದ ನೇಮ ನನಗ ಹೇಳಿಕೊಡಬ್ಯಾಡ್ರಿ" ಎಂದರು ಯಮುನಾಬಾಯಿ.

ಕಟ್ಟೆಯಿಂದ ದಕ್ಷಿಣಕ್ಕೆ ಹತ್ತಿರದಲ್ಲಿದ್ದ ಮನೆ ಒಂದೇ, ಟಾಂಗಾ ಹೊಡೆಯುವ ಖಾಸಿಂಸಾಬರದು. ಮಾಸ್ತರರು ಆ ಮನೆಯಲ್ಲಿ ನೀರೂ ಕುಡಿದವರಲ್ಲ. ಆದರೆ ಗಂಟಿಗೆ ಬಾಯಿಯಿಲ್ಲ, ಅದು ನೀರು ಕೇಳುವುದಿಲ್ಲ, ಮೇಲಾಗಿ ಗೂಟಕ್ಕೆ ತೂಗುಹಾಕಿದರೆ ಯಾರನ್ನೂ ಮುಟ್ಟುವುದಿಲ್ಲ ಎಂದು ಆಚಾರ್ಯರು ಶಾಸ್ತ್ರವನ್ನು ಸ್ವಲ್ಪ ಸಡಿಲು ಮಾಡಿದರು. ಖಾಸಿಂಸಾಬ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ ನಡುಮನೆಯ ಗೂಟಕ್ಕೆ ಕಟ್ಟಿದ. ಅವನ ಹೆಂಡತಿ ಜೈಬುನ್ನೀಸಾ ಅದರ ಕೆಳಗೆ ದಿನಾ ಕಸ ಗುಡಿಸಿ ನೀರು ಚಿಮುಕಿಸುತ್ತಿದ್ದಳಂತೆ.

ರಜೆ ಹತ್ತಿರ ಬಂದಂತೆ ಯಮುನಾಬಾಯಿಯವರಲ್ಲಿ ಒಂದು ವಿಲಕ್ಷಣ ಬದಲಾವಣೆ ಕಂಡಿತು. ಒಂದು ದಿನ ಇದ್ದಕ್ಕಿದ್ದಂತೆ ತಲೆಗೆ ಎಣ್ಣೆ ಹಚ್ಚಿ ಎರೆದುಕೊಂಡರು. ಇಳಕಲ್ಲ ಸೀರೆ ಪೆಟ್ಟಿಗೆಯಿಂದ ಹೊರಗೆ ಬಂತು. ಶೇಂಗಾ ಹೋಳಿಗೆ, ಬೇಸನ್ನುಂಡಿ, ಅವಲಕ್ಕಿ ಚೂಡಾ ಒಂದಾದ ಮೇಲೊಂದು ತಯಾರಾದವು. ಮಾಸ್ತರರು ಒಂದು ಉಂಡೆಗೆ ಕೈ ಹಾಕಿದರೆ "ಪ್ರವಾಸಕ್ಕ" ಎಂದು ಡಬ್ಬಿ ಮುಚ್ಚಿದರು. ಹೊತ್ತಿಗೊಮ್ಮೆ ಸೆರಗಿನಡಿ ತಾಟು ಮುಚ್ಚಿಕೊಂಡು ಜೈಬುನ್ನೀಸಾಳ ಮನೆಗೆ ಹೋಗಿಬರುತ್ತಿದ್ದರು. ಒಮ್ಮೆಯಂತೂ ಒಲೆಯ ಮುಂದೆ ಒಬ್ಬರೇ ನಕ್ಕರು. ಇದೆಲ್ಲ ತಮ್ಮ ಯೋಜನಾ ಸಾಮರ್ಥ್ಯದ ಪ್ರಭಾವವೆಂದು ಮಾಸ್ತರರು ಎದೆಯುಬ್ಬಿಸಿದರು. (ಗಂಡಸರು ಮನೆಯಲ್ಲಿ ನಡೆಯುವ ಒಳ್ಳೆಯದಕ್ಕೆಲ್ಲ ತಾವೇ ಕಾರಣರೆಂದು ತಿಳಿಯುವುದು ಹೊಸದಲ್ಲ.)

ಆಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಯಮುನಾಬಾಯಿ ತಾವಾಗಿ ಬಂದು ನಕಾಶೆಯ ಮುಂದೆ ಕುಳಿತರು. ಖಾಸಿಂಸಾಬರ ಬಾಗಿಲು ಅರ್ಧ ತೆರೆದಿತ್ತು. ಅವರು ಆ ಕಡೆಗೆ ಮುಖ ಮಾಡಿ, ಗಂಡ ಕಿವುಡನೋ ಎಂಬಂತೆ ಗಟ್ಟಿಯಾಗಿ ಕೇಳಿದರು.

"ಏನ್ರಿ, ಕೊಲಂಬೋ ಯಾಕ ಬಿಟ್ಟೀರಿ?"

ಮಾಸ್ತರರ ಬೆರಳು ಕ್ಯಾಂಡಿಯಲ್ಲೇ ನಿಂತಿತು.

"ಮೆಲ್ಲಕ ಮಾತಾಡು. ಓಣಿಗೆಲ್ಲ ಕೇಳಸ್ತದ."

"ಕೇಳಲಿ. ದೊಡ್ಡ ಊರಂತ. ಅಲ್ಲೆ ಇಳಿಯೂದಿಲ್ಲೇನು?"

ಇಳಿಯಬೇಕೆಂದು ಮಾಸ್ತರರ ಜೀವ ಹಾತೊರೆಯುತ್ತಿತ್ತು. ಆ ಖಾಲಿ ಬಿಟ್ಟ ಎರಡು ದಿನ ಏನು ಮಾಡಬೇಕೆಂದು ಅವರು ದಿನಾ ಸ್ನಾನದ ಹೊತ್ತಿಗೆ ತಾಲೀಮು ಮಾಡುತ್ತಿದ್ದರು. ಖಾನಾವಳಿಗೆ ಹೋಗಿ ಸುಮ್ಮನೆ ಎಲೆಯ ಮುಂದೆ ಕೂರುವುದು. ಅವನು ಬಡಿಸಲು ಬಗ್ಗಿದಾಗ ಮುಂಗೈ ಹಿಡಿದು "ಸಾಕು, ನಡಿ ಮನಿಗೆ" ಎನ್ನುವುದು. ಇಷ್ಟೇ. ಆದರೆ ಹೆಂಡತಿ ಹೀಗೆ ಕೋರ್ಟಿನ ಕಟಕಟೆಯಲ್ಲಿ ನಿಲ್ಲಿಸಿ ಕೇಳಿದಾಗ ಅವರೊಳಗಿನ ಮಾಸ್ತರ ಎದ್ದು ನಿಂತ.

"ಕೊಲಂಬೋದಾಗ ನೋಡೂದು ಏನೂ ಇಲ್ಲ. ಬರೇ ಧೂಳು, ಗದ್ದಲ."

"ನಮ್ಮವರು ಯಾರೂ ಇಲ್ಲೇನು ಅಲ್ಲೆ?"

"ಯಾರೂ ಇಲ್ಲ."

"ವಿಚಾರ ಮಾಡಿ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದ ಸರ್ತಿ ವಿಚಾರ ಮಾಡಿ ಹೇಳ್ರಿ."

ಇಷ್ಟು ದೀನವಾಗಿ ಅವರು ಎಂದೂ ಕೇಳಿರಲಿಲ್ಲ. ಮಾಸ್ತರರ ನಾಲಿಗೆಯ ತುದಿಗೆ ಹೆಸರು ಬಂದಿತ್ತು. ಅಷ್ಟರಲ್ಲಿ ಇವಳು ನನ್ನನ್ನು ಸೋಲಿಸಬೇಕೆಂದೇ ಹೂಡಿದ ಆಟವಿದು ಎಂದು ಅನ್ನಿಸಿತು. ಹೆಸರನ್ನು ನುಂಗಿಕೊಂಡರು.

"ವಿಚಾರ ಮಾಡೇ ಹೇಳೀನಿ. ಅಲ್ಲೆ ನನ್ನವರು ಯಾರೂ ಇಲ್ಲ. ನಾ ಅಲ್ಲೆ ಇಳಿಯೂದಿಲ್ಲ."

ಯಮುನಾಬಾಯಿ ಎದ್ದು ಒಳಗೆ ಹೋದರು. ಖಾಸಿಂಸಾಬರ ಬಾಗಿಲು ಮುಚ್ಚಿಕೊಂಡಿತು. ಮರುದಿನ ಬೆಳಿಗ್ಗೆ ಟಾಂಗಾದ ಗೆಜ್ಜೆ ಎಂದಿಗಿಂತ ಮುಂಚೆಯೇ ಕೇಳಿಸಿತು. ಇಳಕಲ್ಲ ಸೀರೆ ಪೆಟ್ಟಿಗೆ ಸೇರಿತು. ಹೆಂಗಸರ ಮನಸ್ಸು ತಿಳಿಯುವುದು ಭೂಗೋಳದಷ್ಟು ಸುಲಭವಲ್ಲ ಎಂದುಕೊಂಡು ಮಾಸ್ತರರು ಹಾಸಿಗೆ ಸುತ್ತುವ ಹಗ್ಗ ಹುಡುಕತೊಡಗಿದರು.

ಕೆಲವು ದಿನಗಳಲ್ಲಿ ಹೊರಡುವ ದಿನ ಬಂತು. ಮಾಸ್ತರರು ಹೊಸ ಧೋತರ ಉಟ್ಟು, ರುಮಾಲು ಸುತ್ತಿ, ದೇವರಿಗೆ ಕೈ ಮುಗಿದು, ಬಲಗಾಲಿಟ್ಟು ಹೊಸ್ತಿಲು ದಾಟಿದರು. ತಿಂಡಿಯ ಡಬ್ಬಿ ಎತ್ತಿದರೆ ಅದು ಹಗುರಾಗಿತ್ತು. ಯಮುನಾಬಾಯಿ ಹಳೆಯ ಸೀರೆಯಲ್ಲೇ ಹೊಸ್ತಿಲ ಒಳಗೇ ನಿಂತಿದ್ದರು. ಹೊತ್ತಾಗುತ್ತದೆಂದು ಅವರನ್ನು ಗದರಿಸಿ ಮಾಸ್ತರರು ಖಾಸಿಂಸಾಬನ ಮನೆಯ ಮುಂದೆ ಹೋಗಿ ನಿಂತರು. ಟಾಂಗಾ ತಯಾರಿತ್ತು.

"ಖಾಸಿಂಸಾಬ, ನನ್ನ ಗಂಟು ತಾ."

ಖಾಸಿಂಸಾಬ ಕುದುರೆಯ ಕುತ್ತಿಗೆ ಸವರುತ್ತ ನೆಲ ನೋಡಿದ.

"ಗಂಟು ಇಲ್ರಿ ಮಾಸ್ತರ. ಅನಂತಪ್ಪಾರು ಒಯ್ದಾರ್ರಿ."

ಐದಾರು ವರ್ಷಗಳ ಮೇಲೆ ಆ ಹೆಸರು ಮಾಸ್ತರರ ಎದುರಿಗೆ ಕೇಳಿಸಿತ್ತು. ಅವರು ಡಬ್ಬಿಯನ್ನು ಕೆಳಗಿಟ್ಟರು.

"ಹತ್ತು ಹನ್ನೆರಡು ದಿನದ ಹಿಂದ ಠೇಸನದಾಗ ಇಳದ್ರು" ಎಂದ ಖಾಸಿಂಸಾಬ. "ಮನಿಗೆ ಬಿಡ್ಲೇನ್ರಿ ಅಂದೆ. ಆ ಹೊಸ್ತಿಲಾ ನಾ ತುಳ್ಯಾಂಗಿಲ್ಲ ಕಾಕಾ, ನಿಮ್ಮ ಮನಿಗೇ ನಡೀರಿ ಅಂದ್ರು. ನಾಕ ದಿನ ನಮ್ಮಲ್ಲೇ ಇದ್ರು. ಯಮುನಾಬಾಯಾರು ಊಟ ತಂದು ಕೊಡ್ತಿದ್ರು."

ಮಾಸ್ತರರು ಹೆಂಡತಿಯತ್ತ ತಿರುಗಿದರು.

"ನನಗ ಯಾಕ ಹೇಳಲಿಲ್ಲ?"

"ಆಣಿ ಮಾಡಿಸಿಕೊಂಡಿದ್ದ" ಎಂದರು ಯಮುನಾಬಾಯಿ. ಅವರ ದನಿಯಲ್ಲಿ ಜಗಳವಿರಲಿಲ್ಲ. "ಅಪ್ಪ ತಾನಾಗಿ ನನ್ನ ಹೆಸರು ಎತ್ತಿದ್ರ ಬಂದು ಕಾಲಿಗೆ ಬೀಳ್ತೀನಿ, ಇಲ್ಲಾಂದ್ರ ನಾ ಬಂದದ್ದು ಗೊತ್ತಾಗೂದು ಬ್ಯಾಡ ಅಂದ. ಆ ಸಂಜಿ ಅವ ಆ ಬಾಗಲಾ ಹಿಂದ ಕೂತಿದ್ದ. ನಾ ಎಷ್ಟು ಸರ್ತಿ ಕೇಳಿದೆ ನಿಮಗ?"

"ಕೊಲಂಬೋಕ್ಕ ಹೋದನೇನು? ನಾವೂ ಅಲ್ಲಿಗೇ ಹೋಗೂಣು. ಅಲ್ಲೇ ಇಳಿಯೂಣು. ನಡಿ, ಹತ್ತು."

"ಕೊಲಂಬೋ ಬಿಟ್ಟಾನ್ರಿ. ಮಲಾಯಾದಾಗ ನೌಕರಿ ಸಿಕ್ಕದ. ಅಷ್ಟು ದೂರ ಹೋದ್ರ ಮತ್ತ ಬರೂದು ಆಗೂದಿಲ್ಲಂತ, ಒಮ್ಮೆ ನಮ್ಮ ಮಾರಿ ನೋಡಿ ಹೋಗಲಿಕ್ಕೆ ಬಂದಿದ್ದ. ಇಷ್ಟೊತ್ತಿಗೆ ಹಡಗ ಹತ್ತಿರ್ತಾನ."

ಮಾಸ್ತರರು ಓಣಿಯ ನಡುವೆ ನಿಂತೇ ಇದ್ದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಈಗ ಕೊಲಂಬೋದಲ್ಲಿ ಅವರವರು ಯಾರೂ ಇರಲಿಲ್ಲ, ನೋಡುವುದು ಏನೂ ಇರಲಿಲ್ಲ. ಪ್ರವಾಸದಲ್ಲಿ ಉಳಿದದ್ದು ಅಶೋಕವನ ಒಂದೇ.

"ಗಂಟು ಯಾಕ ಒಯ್ದಾ?" ಎಂದು ಕೊನೆಗೆ ಕೇಳಿದರು.

"ಅದೇನು ಕಾಕಾ ಅಂತ ಕೇಳಿದ್ರು. ಹೇಳಿದೆ" ಎಂದ ಖಾಸಿಂಸಾಬ. "ಅಪ್ಪಂತೂ ಕೊಲಂಬೋದಾಗ ಇಳ್ಯಾಂಗಿಲ್ಲಂತ, ಅಪ್ಪನ ಗಂಟರೇ ಮಲಾಯಾದಾಗ ನನ್ನ ಜೋಡಿ ಇಳೀಲಿ ಅಂತ ಬಿಚ್ಚಿಕೊಂಡು ಹೋದ್ರು."

ಮಾಸ್ತರರು ಹಿಂದಿರುಗಿ ತಮ್ಮ ಮನೆಯ ಬಾಗಿಲಿಗೆ ಬಂದರು. ಯಮುನಾಬಾಯಿ ಆಗಲೇ ಒಳಗೆ ಹೋಗಿದ್ದರು. ಮಾಸ್ತರರು ಕಾಲೆತ್ತಿದರು.

"ತುಳೀಬ್ಯಾಡ್ರಿ" ಎಂದು ಒಳಗಿನಿಂದ ಮೆಲ್ಲಗೆ ದನಿ ಬಂತು. "ಬಲಗಾಲಿಟ್ಟು ಹೊಂಟೀರಿ. ಗಂಟು ಮಲಾಯಾಕ್ಕ ಹೋಗೇದ. ಅದು ತಿರುಗಿ ಬರೂತನಕ ಈ ಹೊಸ್ತಿಲಾ ತುಳೀಬಾರದು ಅಂತ ನೀವ ಹೇಳಿದ್ರಿ. ನೆನಪ ಇಟ್ಕೊಂಡೀನಿ."

ಎತ್ತಿದ ಕಾಲನ್ನು ಮಾಸ್ತರರು ಹಾಗೇ ಕೆಳಗಿಟ್ಟರು. ಖಾಸಿಂಸಾಬ ಟಾಂಗಾ ಬಿಚ್ಚುತ್ತಿದ್ದ. ಮಾಸ್ತರರು ಮೆಲ್ಲಗೆ ನಡೆದು ಅವನ ಮನೆಯ ಬಾಗಿಲ ಒಳಗೆ ಹಾಸಿದ್ದ ಚಾಪೆಯ ಮೇಲೆ ಕುಳಿತುಬಿಟ್ಟರು. ಎದುರಿನ ಗೂಟ ಬರಿದಾಗಿತ್ತು. ಜೈಬುನ್ನೀಸಾ ಅಳುಕುತ್ತ ಕಪ್ಪಿನಲ್ಲಿ ಚಹಾ ತಂದು ದೂರದಲ್ಲಿಟ್ಟಳು. ಮಾಸ್ತರರು ಕೈ ಚಾಚಿ ತೆಗೆದುಕೊಂಡು ಕುಡಿದರು.

"ಅನಂತ ಎಲ್ಲಿ ಕುಂಡ್ರತಿದ್ದ?" ಎಂದು ಕೇಳಿದರು.

"ಅಲ್ಲೇ ರೀ, ನೀವು ಕುಂತಲ್ಲೇ" ಎಂದಳು ಜೈಬುನ್ನೀಸಾ. "ಅಲ್ಲಿ ಕುಂತ್ರ ನಿಮ್ಮ ಕಟ್ಟೀ ಮಾತು ಎಲ್ಲಾ ಛಲೋ ಕೇಳಸತೈತ್ರಿ."

ಮಾಸ್ತರರು ಬಹಳ ಹೊತ್ತು ಕಿವಿಗೊಟ್ಟು ಕುಳಿತರು. ತಮ್ಮ ಮನೆಯ ಕಡೆಯಿಂದ ಏನೂ ಕೇಳಿಸಲಿಲ್ಲ.