ಬೀಗದವನ ಮನೆಯ ಚಿಲಕ

ನನ್ನ ಮುತ್ತಾತ ಒಂದೇ ಒಂದು ಮೊಳೆಯಿಂದ ಅರಮನೆಯ ಖಜಾನೆ ತೆರೆದು, ಒಳಗೆ ಕಣ್ಣೂ ಹಾಯಿಸದೆ ಮನೆಗೆ ನಡೆದವನು. ತಾತ, ಜೈಲಿನ ಬೀಗ ಕೆಟ್ಟು ಜೈಲರೇ ಒಳಗೆ ಸಿಕ್ಕಿಕೊಂಡಾಗ ಬಿಡಿಸಿ ತಂದವನು. ಅಪ್ಪ ಬೀಗಕ್ಕೆ ಕಿವಿಯಿಟ್ಟು ಅದರ ಕಾಯಿಲೆ ಹೇಳುತ್ತಿದ್ದ. ನನಗೆ ಹೇಳಿಕೊಡುವ ಮೊದಲೇ ಹೋಗಿಬಿಟ್ಟ. ಕೆಟ್ಟ ಬೀಗಗಳೇ ನನಗೆ ಮೇಷ್ಟ್ರು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ ನಾನು. ಆದರೆ ಶಾಲೆಯ ಬೀಗ ಕಚ್ಚಿಕೊಂಡಾಗ ಹೆಡ್ಮಾಸ್ತರರನ್ನು ಒಳಗೆ ಬಿಟ್ಟವನು ನಾನೇ.

ನನ್ನ ಪ್ರೇಮದ ಮೊದಲ ಭಾಗ ಊರಿಗೆಲ್ಲ ಗೊತ್ತು. ಒಬ್ಬರ ಮನೆಗೆ ಬೀಗ ತೆಗೆಯಲು ಹೋದವನು ಅವರನ್ನೇ ನಮ್ಮ ಮನೆಗೆ ಬೀಗರನ್ನಾಗಿ ಮಾಡಿಕೊಂಡು ಬಂದೆ. ಎರಡನೇ ಭಾಗ ಶುರುವಾದದ್ದು ತಲೆ ನೆರೆತ ಮೇಲೆ, ಎದುರುಮನೆಗೆ ಹೊಲಿಗೆ ಟೀಚರ್ ಬಾಡಿಗೆಗೆ ಬಂದಾಗ.

ಅವರ ಬಾಗಿಲ ಬೀಗ ಕಚ್ಚಿತ್ತು. ತೆಗೆದುಕೊಟ್ಟೆ.

"ಏನ್ ಕೈಗುಣ ಯಜಮಾನ್ರೇ ನಿಮ್ದು! ಬಾಗಿಲೂ ನಿಮ್ಮ ಮಾತು ಕೇಳುತ್ತೆ" ಎಂದರು.

ನಮ್ಮ ಮನೆಯಲ್ಲಿ ಬೆಕ್ಕೂ ನನ್ನ ಮಾತು ಕೇಳಿದ್ದಿಲ್ಲ. ಬೀಗದವನು ಬೀಗಿದೆ. (ಬೀಗ ತೆಗೆಯುವವನು ಬೀಗಬಾರದು. ಈ ಬುದ್ಧಿ ಈಗ ಬಂದಿದೆ.)

ಆಗ ಒಂದು ಕೆಲಸ ಮಾಡಿದೆ. ನೋಡಲು ನನ್ನ ಹಿರಿಯರು ಇರಲಿಲ್ಲವಲ್ಲ, ಅದೇ ಪುಣ್ಯ. ಬೀಗದೊಳಗಿನ ಸ್ಪ್ರಿಂಗನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟೆ. ವಾರದೊಳಗೆ ಬೀಗ ಮತ್ತೆ ಕಚ್ಚಿತು, ಮತ್ತೆ ಕರೆ ಬಂತು. ಮತ್ತೆ ಹೊಗಳಿಕೆ, ಮತ್ತೆ ಸಡಿಲ. ಮೂರನೇ ಸಲ ಹೊರಟಾಗ ಮೀಸೆ ಮಿರಮಿರ ಮಿಂಚುತ್ತಿತ್ತು.

"ರೀ, ಎಣ್ಣೆ ಬೀಗಕ್ಕೋ, ಮೀಸೆಗೋ?" ಎಂದಳು ಹೆಂಡತಿ.

"ಕಸುಬಿನ ಸೂಕ್ಷ್ಮ ನಿನಗೇನೇ ಗೊತ್ತು?"

"ಮದುವೆಯಾದಾಗ್ಲಿಂದ ಪಕ್ಕದಲ್ಲಿ ಕೂತು ಸ್ಪ್ರಿಂಗ್ ಹಿಡ್ಕೊಟ್ಟಿದೀನಿ. ನೀವು ಮುಟ್ಟಿದ ಬೀಗ ಯಾವತ್ತಾದ್ರೂ ಎರಡನೇ ಸಲ ಕೆಟ್ಟಿದ್ಯಾ?"

"ಈಗಿನ ಬೀಗಗಳೇ ಹಾಗೆ" ಎಂದೆ. ಕಳ್ಳನಿಗೊಂದು ಪಿಳ್ಳೆ ನೆವ.

ನಿನ್ನೆ ಸಂಜೆ ಪೇಟೆಯಿಂದ ಬಂದು ನಮ್ಮ ಬಾಗಿಲ ಬೀಗಕ್ಕೆ ಕೀಲಿ ತೂರಿಸಿದೆ. ಕೀಲಿ ತಿರುಗಿತು, ಬಾಗಿಲು ಅಲುಗಲಿಲ್ಲ. ಒಳಗಿನಿಂದ ಚಿಲಕ!

"ಬಾಗಿಲು ತೆಗಿಯೇ!"

"ನಾನ್ಯಾಕೆ? ಬಾಗಿಲುಗಳೇ ನಿಮ್ಮ ಮಾತು ಕೇಳ್ತವಂತಲ್ಲ. ಎದುರುಮನೆ ಬೀಗಾನ ನಾನೇ ಬಿಚ್ಚಿ ಬಿಗಿ ಮಾಡಿ ಬಂದೆ. ಇನ್ನು ಕಚ್ಚಲ್ಲ. ಕೆಟ್ಟಿದ್ದು ಬೀಗ ಅಲ್ಲ ಅಂತ ಬಿಚ್ಚಿದ ಮೇಲೇ ಗೊತ್ತಾಗಿದ್ದು."

ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯಾದದ್ದು ಅದಕ್ಕೇ. ಚೀಲದೊಳಗಿನ ಉಳಿ, ಮೊಳೆ, ಕೊಕ್ಕೆಗಳನ್ನೆಲ್ಲ ಒಮ್ಮೆ ನೋಡಿದೆ. ಖಜಾನೆ ತೆರೆದ ವಂಶ ನಮ್ಮದು, ನಿಜ. ಆದರೆ ಖಜಾನೆ ಒಳಗಿನಿಂದ ಚಿಲಕ ಹಾಕಿಕೊಂಡಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತೆ.

ಎದುರುಮನೆಯ ಬಾಗಿಲು ಬೆಣ್ಣೆಯಂತೆ ತೆರೆದುಕೊಂಡಿತು. (ನಾನು ಮಾಡಿದ್ದರೂ ಅಷ್ಟು ನುಣುಪು ಬರುತ್ತಿರಲಿಲ್ಲ.) ಟೀಚರ್ ಇಣುಕಿದರು.

"ಅಣ್ಣಾ... ಇನ್ಮೇಲೆ ಹೀಗೇ ಕರಿಬೇಕು ಅಂತ ಅಕ್ಕ ಹೇಳಿ ಹೋದ್ರು. ಬಡಗಿನ ಕರೆಸ್ಲಾ ಅಣ್ಣಾ? ಬಾಗಿಲು ಬಿಚ್ಚಿಸಿಬಿಡೋಣ."

"ಬೇಡ ತಂಗಿ. ಇದು ಬೀಗ ಅಲ್ಲ, ಚಿಲಕ. ಒಳಗಿರೋಳೇ ತೆಗೀಬೇಕು. ನೀನು ನಿನ್ನ ಬಾಗಿಲು ಹಾಕ್ಕೋಮ್ಮ. ನಾನು ಇಲ್ಲೇ ಕೂತಿರ್ತೀನಿ."